ತುಟಿಯ ಬಲ, ದವಡೆಯ ರಚನೆ ಮತ್ತು ಪಕಾರದ ಪ್ರಶ್ನೆ

ಹಳಗನ್ನಡದ ‘ಪಾಲ್’ ನಡುಗನ್ನಡದ ವೇಳೆಗೆ ‘ಹಾಲು’ ಆದುದಕ್ಕೆ ಪ್ರಯತ್ನಲಾಘವವೇ ಕಾರಣವೆಂದು ಹೇಳಿ ಮುಗಿಸುವುದು ಸುಲಭ. ಯಾವ ಅಂಗದ ಪ್ರಯತ್ನ, ಅದು ಹೇಗೆ ಲಘುವಾಯಿತು ಎಂಬುದನ್ನು ನಾವು ವಿಚಾರಿಸುವುದು ಕಡಮೆ. ಅದಕ್ಕೆ ಮೊದಲು ತುಟಿಯ ಸ್ನಾಯುವಿಗೂ ದವಡೆಯ ರಚನೆಗೂ ಇರುವ ಸಂಬಂಧವನ್ನು ಅರಿಯಬೇಕಾಗುತ್ತದೆ.

ಬಾಯಿಯ ಸುತ್ತ ಉಂಗುರದಂತೆ ಹಬ್ಬಿದ ಸ್ನಾಯುವೊಂದಿದೆ. ತುಟಿಗಳನ್ನು ಮುಚ್ಚುವುದೂ ಮುಂದಕ್ಕೆ ಚಾಚುವುದೂ ಅದರ ಕೆಲಸ. ಹೊರಗಿನಿಂದ ತುಟಿ ಕೆನ್ನೆಗಳು, ಒಳಗಿನಿಂದ ನಾಲಗೆ ಒತ್ತುತ್ತಿರಲು ನಡುವೆ ಹಲ್ಲಿನ ಸಾಲು ನೆಲೆನಿಲ್ಲುತ್ತದೆ. ಬಲವಾದ ತುಟಿ ಹಲ್ಲುಗಳನ್ನು ಹಿಂದೂಡುವುದೆಂದು ಇದರಿಂದ ಊಹಿಸುವುದು ಸಹಜ. ಆದರೆ ದಂತವಿಜ್ಞಾನಿ ವಿಲಿಯಂ ಪ್ರಾಫಿಟ್ 1978ರಲ್ಲಿ ಈ ಸಮತೋಲನವನ್ನು ಮರುಪರಿಶೀಲಿಸಿ, ಮಾತನಾಡುವಾಗ, ನುಂಗುವಾಗ ಕ್ಷಣಮಾತ್ರ ಬೀಳುವ ಒತ್ತಡಕ್ಕಿಂತ, ಸುಮ್ಮನಿರುವಾಗ ದೀರ್ಘಕಾಲ ಉಳಿಯುವ ಮೃದುವಾದ ಒತ್ತಡವೇ ಮುಖ್ಯವೆಂದು ವಾದಿಸಿದರು. ಈ ಲೆಕ್ಕದಲ್ಲಿ, ದಿನವಿಡೀ ಪಕಾರವನ್ನು ಉಚ್ಚರಿಸಿದರೂ ದವಡೆಯ ಆಕಾರ ಬದಲಾಗದು.

ದವಡೆಯು ತುಟಿಯ ಶ್ರಮವನ್ನು ನಿರ್ಧರಿಸುವುದು ಮಾತ್ರ ನಿಜ. ಮೇಲಿನ ಹಲ್ಲುಗಳು ಬಹಳ ಮುಂಚಾಚಿದವರಲ್ಲಿ, ಮುಖದ ಕೆಳಭಾಗ ನೀಳವಾದವರಲ್ಲಿ ತುಟಿಗಳು ತಾವಾಗಿ ಕೂಡುವುದು ಕಷ್ಟ. ಪ್ರಯತ್ನಪೂರ್ವಕ ಕೂಡಿಸಿದರೆ ಗದ್ದದ ಸ್ನಾಯು ಬಿಗಿದು ಚರ್ಮ ಸುಕ್ಕುಗಟ್ಟುತ್ತದೆ. ಇದನ್ನು ತುಟಿಯ ದೌರ್ಬಲ್ಯವೆನ್ನುವುದಕ್ಕಿಂತ ರಚನೆಯ ಪರಿಣಾಮವೆನ್ನುವುದು ಉಚಿತ.

ಭಾಷಾವಿಜ್ಞಾನಿ ಚಾರ್ಲ್ಸ್ ಹಾಕೆಟ್ 1985ರಲ್ಲಿ ಮಂಡಿಸಿದ ಊಹೆ ಇಲ್ಲಿ ಪ್ರಸ್ತುತ. ಒರಟು ಆಹಾರದಿಂದ ಹಲ್ಲು ಸವೆದು ಅಂಚಿಗೆ ಅಂಚು ಕೂಡುವ ಜನರಲ್ಲಿ ದಂತೋಷ್ಠ್ಯಧ್ವನಿಗಳು ವಿರಳವೆಂಬುದು ಅದರ ಸಾರ. 2019ರಲ್ಲಿ ಬ್ಲಾಸಿ ಮತ್ತು ಸಂಗಡಿಗರು ದವಡೆಯ ಗಣಕಮಾದರಿಯನ್ನು ರಚಿಸಿ, ಮೇಲಿನ ಹಲ್ಲುಗಳು ಕೆಳಗಿನವನ್ನು ತುಸು ಮುಚ್ಚುವ ಬಾಯಿಯಲ್ಲಿ ಈ ಧ್ವನಿಗಳಿಗೆ ಬೇಕಾಗುವ ಸ್ನಾಯುಶ್ರಮ ಸುಮಾರು 29 ಶೇಕಡ ಕಡಮೆಯೆಂದು ತೋರಿಸಿದರು. ವಾದ ವಿವಾದಾತೀತವೇನಲ್ಲ, ಆದರೂ ತೂಕವುಳ್ಳದ್ದು. ಅದು ಹೇಳುವುದು ಸಹಸ್ರಾರು ವರ್ಷಗಳ ಒಲವನ್ನೇ ಹೊರತು ಒಂದು ಭಾಷೆಯ ಒಂದು ಪಲ್ಲಟವನ್ನಲ್ಲ.

ಈ ಮಿತಿಯನ್ನು ಮರೆತು ಕನ್ನಡದ ಪಕಾರಕ್ಕೆ ಅದನ್ನು ಅನ್ವಯಿಸುವುದು ಸಲ್ಲದೆಂದು ನಮ್ಮ ಅಭಿಪ್ರಾಯ. ದಂಡಿಯ ‘ದಶಕುಮಾರಚರಿತ’ದಲ್ಲಿ ತುಟಿ ಗಾಯಗೊಂಡ ಮಂತ್ರಗುಪ್ತನು ಓಷ್ಠ್ಯಗಳನ್ನೆಲ್ಲ ತೊರೆದು ತನ್ನ ಕಥೆ ಹೇಳುತ್ತಾನೆ. ತುಟಿ ಸೋತರೆ ಪಕಾರದೊಡನೆ ಬಕಾರ ಮಕಾರಗಳೂ ಹೋಗುತ್ತವೆಂಬುದು ದಂಡಿಗೆ ತಿಳಿದಿತ್ತು. ಕನ್ನಡದಲ್ಲಿ ಹಾಗಾಗಲಿಲ್ಲ. ‘ಪುಲಿ’ ಹುಲಿಯಾಯಿತು, ‘ಪೂ’ ಹೂವಾಯಿತು. ‘ಬಾ’, ‘ಮನೆ’ ಇದ್ದಂತೆಯೇ ಇವೆ. ಪದದ ನಡುವೆ ‘ಅಪ್ಪ’, ‘ತುಪ್ಪ’, ‘ಕೆಂಪು’ಗಳಲ್ಲಿ ಪಕಾರವೂ ಗಟ್ಟಿಯಾಗಿಯೇ ಉಳಿದಿದೆ. ಒಂದೇ ಬಾಯಿ, ಅದೇ ತುಟಿ. ಚೆನ್ನೈ, ಹೈದರಾಬಾದುಗಳಲ್ಲಿರುವ ನಮ್ಮ ಓದುಗರಂತೂ ನೆರೆಯವರ ಬಾಯಲ್ಲಿ ‘ಪಾಲ್’, ‘ಪಾಲು’ಗಳನ್ನು ನಿತ್ಯವೂ ಕೇಳುತ್ತಾರೆ. ತಮಿಳರ, ತೆಲುಗರ ದವಡೆ ಕನ್ನಡಿಗರದಕ್ಕಿಂತ ಬೇರೆಯೆಂದು ಯಾರೂ ಹೇಳಲಾರರು. ಆದುದರಿಂದ ಕಾರಣವನ್ನು ಅರಸಬೇಕಾದುದು ಪದಾದಿ, ಪದಮಧ್ಯ, ದ್ವಿತ್ವ ಎಂಬ ಸ್ಥಾನಭೇದಗಳಲ್ಲಿ. ಹತ್ತನೆಯ ಶತಮಾನದಿಂದೀಚಿನ ಶಾಸನಗಳನ್ನು ಆ ದೃಷ್ಟಿಯಿಂದ ಪ್ರದೇಶವಾರು ಎಣಿಸುವ ಕೆಲಸ ಮೊದಲು ನಡೆಯಬೇಕಾಗಿದೆ.