ಗುಳ್ಳೆ ಒಡೆಯುವ ಹದ

ಬರಿಯ ಡಿಎನ್ಎಯನ್ನು ರಕ್ತಕ್ಕೆ ಬಿಟ್ಟರೆ ಅಲ್ಲಿನ ಕಿಣ್ವಗಳು ಬೇಗನೆ ಅದನ್ನು ತುಂಡರಿಸಿಬಿಡುತ್ತವೆ. ವೈರಸ್ಸಿನ ಮೇಲೆ ಹೊರಿಸಿ ಕಳಿಸಿದರೆ ಹೆಚ್ಚಿನದನ್ನು ಯಕೃತ್ತು ಹಿಡಿದಿಟ್ಟುಕೊಳ್ಳುತ್ತದೆ. ಬೇಕಾದ ರಕ್ತನಾಳದಲ್ಲೇ ಜೀನ್ ಇಳಿಸಲು ಟೆಕ್ಸಸ್ಸಿನ ಡಲ್ಲಾಸ್‌ನಲ್ಲಿ ರಾಲ್ಫ್ ಶೋಹೆಟ್, ಪಾಲ್ ಗ್ರೇಬರ್ನ್ ಮತ್ತು ಸಂಗಡಿಗರು ಹಿಡಿದದ್ದು ಗುಳ್ಳೆಯ ದಾರಿ.

ಜೀನನ್ನು ಹೊತ್ತ ಡಿಎನ್ಎ ಉಂಗುರಕ್ಕೆ ಪ್ಲಾಸ್ಮಿಡ್ ಎನ್ನುತ್ತಾರೆ. ಅದನ್ನು ಕೊಬ್ಬಿನ ಜಾತಿಯ ಲಿಪಿಡ್‌ಗಳೊಂದಿಗೆ ಬೆರೆಸಿ ಪುಟ್ಟ ಸೀಸೆಗೆ ಹಾಕಿ, ಉಳಿದ ಜಾಗಕ್ಕೆ ಪರ್‌ಫ್ಲೋರೋಪ್ರೊಪೇನ್ ಅನಿಲ ತುಂಬುತ್ತಾರೆ. ಈ ಅನಿಲ ರಕ್ತದಲ್ಲಿ ಸುಲಭವಾಗಿ ಕರಗದು. ಗುಳ್ಳೆ ಬಾಳಿಕೆ ಬರುವುದು ಅದರಿಂದಲೇ. ಇನ್ನು ಸೀಸೆಯನ್ನು ಕುಲುಕಬೇಕು. ಅದಕ್ಕೆ ಬಳಸುವುದು ಹಲ್ಲಿನ ಡಾಕ್ಟರು ಹುಳುಕಿಗೆ ತುಂಬುವ ಮಿಶ್ರಣ ಕಲಸುವ ಯಂತ್ರ! ಕೆಲವೇ ಸೆಕೆಂಡುಗಳಲ್ಲಿ ದ್ರವ ಬೆಳ್ಳಗಾಗುತ್ತದೆ. ಸುಮ್ಮನೆ ಇಟ್ಟರೆ ಗುಳ್ಳೆಗಳು ಕೆನೆಗಟ್ಟಿದಂತೆ ಮೇಲೇರಿ, ಅಂಟದ ಡಿಎನ್ಎ ತಳದ ನೀರಿನಲ್ಲೇ ಉಳಿಯುತ್ತದೆ. ಆ ನೀರನ್ನು ಎಳೆದು ಚೆಲ್ಲುತ್ತಾರೆ. ಗುಳ್ಳೆಯ ಅಗಲ ಕೆಲವೇ ಮೈಕ್ರಾನ್. ಏಳೆಂಟು ಮೈಕ್ರಾನಿನ ಕೆಂಪು ರಕ್ತಕಣ ನುಸುಳುವ ದಾರಿಯಲ್ಲಿ ಇದೂ ನುಸುಳಬಲ್ಲದು.

ಗುಳ್ಳೆಗಳನ್ನು ರಕ್ತಕ್ಕೆ ಬಿಟ್ಟ ಮೇಲೆ, ಅವನ್ನು ಒಡೆಯುವುದು ಶಬ್ದದ ಕೆಲಸ. ನಮ್ಮ ಕಿವಿಗೆ 20,000 ಹರ್ಟ್ಜ್ ದಾಟಿದ್ದು ಕೇಳಿಸದು. ಇಲ್ಲಿನ ಅಲೆಗಳು 10 ಲಕ್ಷ ಹರ್ಟ್ಜ್‌ಗೂ ಮೇಲಿನವು. ಮೆಲ್ಲನೆಯ ಅಲೆಗೆ ಗುಳ್ಳೆ ಉಬ್ಬಿ ಕುಗ್ಗುತ್ತದೆ, ಜೋರಿನ ಅಲೆಗೆ ಒಡೆಯುತ್ತದೆ. ಒಡೆದ ರಭಸಕ್ಕೆ ನಾಳದ ಒಳಪದರದ ಜೀವಕೋಶಗಳಲ್ಲಿ ಕ್ಷಣಕಾಲ ಸಣ್ಣ ರಂಧ್ರಗಳು ಬಿದ್ದು, ಡಿಎನ್ಎ ಒಳಹೊಗುತ್ತದೆ. ರಂಧ್ರ ತಾನೇ ಮುಚ್ಚಿಕೊಳ್ಳುತ್ತದೆ. ಅಲೆಯನ್ನು ಒಂದೇ ಸಮನೆ ಹಾಯಿಸಿ ಪ್ರಯೋಜನವಿಲ್ಲ: ಎದುರಿನ ಗುಳ್ಳೆಗಳೆಲ್ಲ ಒಡೆದ ಮೇಲೆ ಹೊಸ ರಕ್ತ ಹೊಸ ಗುಳ್ಳೆಗಳನ್ನು ಹೊತ್ತು ತರುವವರೆಗೆ ಕಾಯಲೇಬೇಕು. ಹಾಗಾಗಿ ಇಸಿಜಿಯ ತಾಳಕ್ಕೆ ಹೊಂದಿಸಿ, ಕೆಲವು ಬಡಿತಗಳಿಗೊಮ್ಮೆ ಮಾತ್ರ ಅಲೆ ಬಿಡುತ್ತಾರೆ. ಈ ಕಾಯುವಿಕೆಯಲ್ಲೇ ಅರ್ಧ ಕೈಚಳಕವಿದೆ ಎನ್ನಬೇಕು.

2000ರಲ್ಲಿ ಡಲ್ಲಾಸ್ ತಂಡ ಇಲಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ ಗುಳ್ಳೆಯ ಹೊದಿಕೆ ಲಿಪಿಡ್ ಬದಲು ಅಲ್ಬುಮಿನ್ ಪ್ರೋಟೀನಿನದು, ಹೊರೆ ಪ್ಲಾಸ್ಮಿಡ್ ಬದಲು ಜೀನ್ ಹೊತ್ತ ಒಂದು ವೈರಸ್. ಜೀನ್ ಇಳಿದ ಕೋಶಗಳ ಕೇಂದ್ರ ನೀಲಿಯಾಗಿ ಕಾಣುವಂತೆ ಬಣ್ಣ ಹಾಕಿ ನೋಡಿದರು. ಹೃದಯದಲ್ಲಿ ಆ ಜೀನಿನ ಚಟುವಟಿಕೆ ಗುಳ್ಳೆ ಒಡೆಯದ ಇಲಿಗಳಿಗಿಂತ ಸುಮಾರು ಹತ್ತುಪಟ್ಟು ಹೆಚ್ಚಿತ್ತು. 2006ರ ಹೊತ್ತಿಗೆ ಗ್ರೇಬರ್ನ್ ತಂಡ ಇದೇ ಉಪಾಯದಿಂದ ಇಲಿಯ ಮೇದೋಜೀರಕದಲ್ಲಿ ಇನ್ಸುಲಿನ್ ಒಸರುವ ಕೋಶಗಳಿಗೂ ಜೀನ್ ತಲುಪಿಸಿತ್ತು.

ಹೂಸ್ಟನ್‌ನಲ್ಲಿ ಡೇವಿಡ್ ಮ್ಯಾಕ್‌ಫರ್ಸನ್ ತಂಡದ್ದು ಬೇರೆ ಬಗೆ. ಲಿಪಿಡ್ ಚೀಲಗಳನ್ನು ಮ್ಯಾನಿಟಾಲ್ ಎಂಬ ಸಕ್ಕರೆಯಂಥ ವಸ್ತುವಿನೊಂದಿಗೆ ಹೆಪ್ಪುಗಟ್ಟಿಸಿ, ಒಣಗಿಸಿ, ಮತ್ತೆ ನೀರು ಹಾಕುವಾಗ ಒಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ. ಉರಿಯೂತಗೊಂಡ ನಾಳದ ಗೋಡೆಯಲ್ಲಿ ಐಕ್ಯಾಮ್-1 ಎಂಬ ಪ್ರೋಟೀನು ಹೆಚ್ಚು. ಚೀಲದ ಹೊರಮೈಗೆ ಅದನ್ನು ಗುರುತಿಸುವ ಪ್ರತಿಕಾಯ ಅಂಟಿಸಿದರೆ, ಚೀಲ ಅಂಥ ಗೋಡೆಗೇ ಹೋಗಿ ಕಚ್ಚಿಕೊಳ್ಳುತ್ತದೆ; ಅಲೆ ಬೀಳುವುದು ಆಮೇಲೆ.