ಲಿನಕ್ಸ್ ಗಣಕದಲ್ಲಿ ಕನ್ನಡದ ವ್ಯವಸ್ಥೆ

ಲಿನಕ್ಸ್ ಕಾರ್ಯವ್ಯವಸ್ಥೆಯುಳ್ಳ ಗಣಕವೊಂದನ್ನು ಸಂಪೂರ್ಣವಾಗಿ ಕನ್ನಡದಲ್ಲಿ ನಡೆಸುವುದು ಸಾಧ್ಯವೆ ಎಂದು ಭಾಷಾಭ್ಯಾಸಿಗಳು ಆಗಾಗ ಕೇಳುವುದುಂಟು. ಬಹುಮಟ್ಟಿಗೆ ಸಾಧ್ಯ ಎಂಬುದೇ ಉತ್ತರ. ಆದರೆ ಆ ಪ್ರಶ್ನೆಯಲ್ಲಿಯೇ ಒಂದು ತೊಡಕು ಅಡಗಿದೆ. ಕೇಳುವವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಇರತಕ್ಕದ್ದು ತೆರೆಯ ಮೇಲಿನ ಮೆನುಗಳೂ ಗುಂಡಿಗಳೂ ಕನ್ನಡದಲ್ಲಿ ಕಾಣಿಸಬೇಕೆಂಬ ಆಶಯ. ಅದು ನ್ಯಾಯವಾದ ಆಶಯವೇ ಸರಿ. ಆದರೆ ವಿದ್ವತ್ಕಾರ್ಯದ ಅಳಿವು ಉಳಿವು ಅದನ್ನು ಅವಲಂಬಿಸಿಲ್ಲ. ನಿಘಂಟಿಗೆಂದು ಸಂಗ್ರಹಿಸಿದ ಪದಗಳು ಅಕಾರಾದಿಯಲ್ಲಿ ಸರಿಯಾದ ಸ್ಥಾನದಲ್ಲಿ ನಿಲ್ಲುವುವೆ, ಶಾಸನಪಾಠದಲ್ಲಿ ಇರುವ ಶಬ್ದ ಹುಡುಕಿದಾಗ ಸಿಕ್ಕುವುದೆ, ಇಂದು ಬರೆದಿಟ್ಟದ್ದನ್ನು ಇಪ್ಪತ್ತು ವರ್ಷಗಳ ಮೇಲೆ ಮತ್ತೊಬ್ಬರು ಮತ್ತೊಂದು ಯಂತ್ರದಲ್ಲಿ ಓದಬಲ್ಲರೆ ಎಂಬ ಪ್ರಶ್ನೆಗಳಿಗೂ ಮೆನುವಿನ ಭಾಷೆಗೂ ಸಂಬಂಧವಿಲ್ಲ. ಮೆನುಗಳೆಲ್ಲ ಅಚ್ಚಕನ್ನಡದಲ್ಲಿದ್ದು ಒಳಗಿನ ಪಾಠವೆಲ್ಲ ಕೆಟ್ಟಿರುವ ಯಂತ್ರ ಉಂಟು. ಮೆನುಗಳು ಇಂಗ್ಲಿಷಿನಲ್ಲಿದ್ದೂ ಕನ್ನಡದ ಕೆಲಸ ನಿರ್ದುಷ್ಟವಾಗಿ ನಡೆಯುವ ಯಂತ್ರವೂ ಉಂಟು. ಈ ಭೇದವನ್ನು ವಿಶದಪಡಿಸುವುದು ಪ್ರಕೃತ ಲೇಖನದ ಉದ್ದೇಶ.

ಲಿನಕ್ಸಿನ ತಿರುಳನ್ನು ಫಿನ್ಲೆಂಡಿನ ವಿದ್ಯಾರ್ಥಿಯಾಗಿದ್ದ ಲಿನಸ್ ಟೊರ್ವಾಲ್ಡ್ಸ್ ೧೯೯೧ರಲ್ಲಿ ರಚಿಸಲು ತೊಡಗಿದನು. ಅದರ ಆಕರವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಆದುದರಿಂದಲೇ ಮಾರುಕಟ್ಟೆಯ ಲಾಭನಷ್ಟಗಳ ಲೆಕ್ಕವನ್ನು ಕಾಯದೆ ಆಸಕ್ತರು ಅದಕ್ಕೆ ಕನ್ನಡವನ್ನು ಸೇರಿಸುವುದು ಸಾಧ್ಯವಾಯಿತು. ಆದರೆ ಹೀಗೆ ಸೇರಿದ ಕನ್ನಡ ಒಂದು ಇಡಿಯ ವಸ್ತುವಲ್ಲ. ಅಕ್ಷರಗಳ ಸಂಕೇತ, ಅವುಗಳ ರೂಪವನ್ನು ಒದಗಿಸುವ ಫಾಂಟು, ಒತ್ತು ಗುಣಿತಗಳನ್ನು ಕೂಡಿಸುವ ಸಂಯೋಜಕ, ಕೀಲಿಮಣೆ, ಲೊಕೇಲ್ ಎಂಬ ದೇಶಭಾಷಾವ್ಯವಸ್ಥೆ, ಸಂದೇಶಗಳ ಭಾಷಾಂತರ ಇವೆಲ್ಲ ಬೇರೆ ಬೇರೆ ಕೈಗಳು ಬೇರೆ ಬೇರೆ ಕಾಲದಲ್ಲಿ ಕಟ್ಟಿದ ಅಂಗಗಳು. ಒಂದರ ದೋಷವನ್ನು ಮತ್ತೊಂದರ ಮೇಲೆ ಹೊರಿಸುವುದು ಸಾಮಾನ್ಯವಾದ ತಪ್ಪು. ಅಕ್ಷರಗಳ ಬದಲು ಬರಿಯ ಚೌಕಗಳು ಕಂಡರೆ ಫಾಂಟು ಇಲ್ಲವೆಂದು ತಿಳಿಯಬೇಕು. ಗುಣಿತದ ಚಿಹ್ನೆ ಚುಕ್ಕೆಗಳ ವೃತ್ತವೊಂದರ ಮೇಲೆ ಒಂಟಿಯಾಗಿ ನಿಂತಿದ್ದರೆ ಬೆರಳಚ್ಚಿನ ಅನುಕ್ರಮ ತಪ್ಪಿದೆ. ರೋಮನ್ ಅಕ್ಷರಗಳೂ ವಿಚಿತ್ರ ಚಿಹ್ನೆಗಳೂ ಬೆರೆತು ಅರ್ಥಹೀನವಾಗಿ ಕಂಡರೆ ಸಂಕೇತವೇ ಬೇರೆ. ಕನ್ನಡದ ನಡುವೆ ಇಂಗ್ಲಿಷ್ ವಾಕ್ಯ ತಲೆಯಿಕ್ಕಿದರೆ ಭಾಷಾಂತರಕಾರರ ಕೈ ಅಲ್ಲಿಗೆ ಇನ್ನೂ ಮುಟ್ಟಿಲ್ಲ, ಅಷ್ಟೆ.

ಇವುಗಳಲ್ಲಿ ಸಂಕೇತವೇ ಮೂಲ. ೧೯೯೧ರಲ್ಲಿಯೇ ಪ್ರಕಟವಾದ ಯೂನಿಕೋಡಿನ ಮೊದಲನೆಯ ಆವೃತ್ತಿಯಲ್ಲಿ ಕನ್ನಡಕ್ಕೆ ೧೨೮ ಮನೆಗಳ ಒಂದು ವಿಭಾಗ ದೊರೆಯಿತು. ಭಾರತೀಯ ಲಿಪಿಗಳಿಗೆಲ್ಲ ಸಮಾನವಾಗಿ ರಚಿತವಾಗಿದ್ದ ೧೯೮೮ರ ಇಸ್ಕಿ ಸಂಕೇತದ ವಿನ್ಯಾಸವನ್ನೇ ಅದು ಅನುಸರಿಸಿತು. ಅದಕ್ಕೆ ಮೊದಲೂ ಅನಂತರ ಬಹುಕಾಲವೂ ಕನ್ನಡವನ್ನು ಬರೆಯುತ್ತಿದ್ದ ರೀತಿ ಬೇರೆ: ರೋಮನ್ ಅಕ್ಷರಗಳಿಗೆ ಮೀಸಲಾದ ಮನೆಗಳಲ್ಲಿ ಕನ್ನಡದ ಅಕ್ಷರಖಂಡಗಳ ಚಿತ್ರಗಳನ್ನು ಇಟ್ಟ ಫಾಂಟನ್ನು ತೊಡಿಸುವುದು. ತೆರೆಯ ಮೇಲೆ ಕನ್ನಡ ಕಾಣುತ್ತಿತ್ತು. ಯಂತ್ರಕ್ಕೆ ಮಾತ್ರ ಅದು ಕನ್ನಡವೆಂದು ತಿಳಿಯುತ್ತಿರಲಿಲ್ಲ. ಆ ಫಾಂಟಿಲ್ಲದ ಗಣಕದಲ್ಲಿ ತೆರೆದ ಕೂಡಲೆ ವೇಷ ಕಳಚಿ ಬೀಳುತ್ತದೆ. ಹಾಗೆ ಬೆರಳಚ್ಚಾದ ಪ್ರಬಂಧಗಳೂ ಪಾಠಸಂಪುಟಗಳೂ ವಿಶ್ವವಿದ್ಯಾನಿಲಯಗಳಲ್ಲಿ ಇಂದಿಗೂ ಉಳಿದಿವೆ. ಇವನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳು ಉಂಟು. ಪರಿವರ್ತನೆಯಾದ ಮೇಲೆ ಅರ್ಕಾವತ್ತು, ದೀರ್ಘ, ಎರಡೊತ್ತುಗಳಿರುವ ಸಂಯುಕ್ತಾಕ್ಷರ ಇವುಗಳನ್ನು ಮೂಲದೊಡನೆ ತಾಳೆ ನೋಡದೆ ಬಿಡಬಾರದು. ತಪ್ಪು ನುಸುಳುವುದು ಅಲ್ಲಿಯೇ. ಹಳೆಯ ಫಾಂಟು ಓದುವ ಯಂತ್ರ ಕೈಯಲ್ಲಿರುವಾಗಲೇ ಈ ಕೆಲಸವನ್ನು ಮುಗಿಸುವುದು ಕ್ಷೇಮ.

ಹಳಗನ್ನಡದ ಅಭ್ಯಾಸಿಗಳಿಗೆ ಇಲ್ಲಿ ಒಂದು ಸ್ವಾರಸ್ಯವಾದ ವಿಷಯವಿದೆ. ಯೂನಿಕೋಡಿನಲ್ಲಿ ಱಕಾರಕ್ಕೆ ರಕಾರದ ಪಕ್ಕದಲ್ಲಿಯೇ ಸ್ಥಾನ ದೊರೆತಿದೆ. ೞಕಾರವೂ ಇದೆ, ಆದರೆ ವ್ಯಂಜನಗಳ ಸಾಲಿನಲ್ಲಲ್ಲ, ಗುಣಿತದ ಚಿಹ್ನೆಗಳನ್ನೂ ದಾಟಿ ದೂರದಲ್ಲಿ. ಅದಕ್ಕೆ ಇಟ್ಟ ಇಂಗ್ಲಿಷ್ ಹೆಸರಾದರೋ 'ಫ' ಎಂಬುದು! ಇದು ಪ್ರಮಾದವೆಂಬುದನ್ನು ಯೂನಿಕೋಡಿನ ಕೋಷ್ಟಕವೇ ಒಪ್ಪಿಕೊಂಡಿದೆ. ಆದರೆ ಒಮ್ಮೆ ಕೊಟ್ಟ ಹೆಸರನ್ನು ಎಂದಿಗೂ ಬದಲಿಸಬಾರದೆಂಬ ನಿಯಮವಿರುವ ಕಾರಣ ತಪ್ಪು ಹಾಗೆಯೇ ಉಳಿದು, ಸರಿಯಾದ ಹೆಸರು ಉಪನಾಮವಾಗಿ ಮಾತ್ರ ಸೇರಿದೆ. ಪ್ರಾಚೀನ ಬರವಣಿಗೆಯ ಸ್ವರರಹಿತ ನಕಾರದ ರೂಪವಾದ ನಕಾರಪೊಲ್ಲು ಪ್ರತ್ಯೇಕ ಸಂಕೇತವನ್ನು ಪಡೆದದ್ದು ೨೦೨೧ರಲ್ಲಿ, ಹದಿನಾಲ್ಕನೆಯ ಆವೃತ್ತಿಯಲ್ಲಿ. ಹಳೆಯ ಫಾಂಟುಗಳಲ್ಲಿ ಅದು ಚೌಕವಾಗಿ ಕಂಡರೆ ಆಶ್ಚರ್ಯಪಡಬೇಕಾದದ್ದಿಲ್ಲ.

ಸಂಕೇತ ಸರಿಯಾಗಿದ್ದ ಮಾತ್ರಕ್ಕೆ ಹುಡುಕಿದ ಶಬ್ದ ಸಿಕ್ಕುವುದೆಂಬ ಭರವಸೆಯಿಲ್ಲ. 'ಕೋ' ಎಂಬ ಅಕ್ಷರವನ್ನು ತೆಗೆದುಕೊಳ್ಳೋಣ. ಕಕಾರಕ್ಕೆ ಓಕಾರದ ಗುಣಿತವನ್ನು ಒಂದೇ ಚಿಹ್ನೆಯಾಗಿ ಸೇರಿಸಬಹುದು; ಒಕಾರದ ಗುಣಿತ, ಅದರ ಮೇಲೆ ದೀರ್ಘ ಎಂದು ಎರಡಾಗಿ ಸೇರಿಸಬಹುದು; ಎಕಾರದ ಗುಣಿತ, ಊಕಾರದ ಗುಣಿತ, ದೀರ್ಘ ಎಂದು ಮೂರಾಗಿಯೂ ಸೇರಿಸಬಹುದು. ಮೂರೂ ಸಮಾನವೆಂದು ಯೂನಿಕೋಡಿನ ಶಾಸ್ತ್ರ ಹೇಳುತ್ತದೆ, ಕಣ್ಣಿಗೂ ಮೂರೂ ಒಂದೇ. ಆದರೆ ಸಂಕೇತಗಳನ್ನು ಒಂದೊಂದಾಗಿ ಹೋಲಿಸುವ ಸಾಧನಕ್ಕೆ ಮೂರೂ ಬೇರೆ. ಈ, ಏ, ಐ, ಒ, ಓ ಎಂಬ ಐದು ಸ್ವರಗಳ ಗುಣಿತಗಳಲ್ಲಿ ಈ ತೊಡಕಿದೆ. ಆದುದರಿಂದ ದೊಡ್ಡ ಪಾಠಸಂಗ್ರಹವನ್ನು ಕೂಡಿಸುವವರು ಮೊದಲು ಎಲ್ಲ ಕಡತಗಳನ್ನೂ ಒಂದೇ ಸಾಧಾರಣರೂಪಕ್ಕೆ ತರತಕ್ಕದ್ದು. ಇದಕ್ಕೆ ಬೇಕಾದ ಸಾಧನಗಳು ಲಿನಕ್ಸಿನಲ್ಲಿ ಸುಲಭವಾಗಿ ದೊರೆಯುವುವು.

ಸಾಧಾರಣರೂಪಕ್ಕೆ ತಂದರೂ ಪರಿಹಾರವಾಗದ ಭೇದಗಳು ಮತ್ತೆ ಕೆಲವು. 'ಸೂರ್ಯ' ಎಂಬುದನ್ನು ಅರ್ಕಾವತ್ತಿನಿಂದಲೂ ಬರೆಯಬಹುದು, ರಕಾರಕ್ಕೆ ಯಕಾರದ ಒತ್ತನ್ನು ಕೊಟ್ಟು 'ಸೂರ‍್ಯ' ಎಂದೂ ಬರೆಯಬಹುದು. ಎರಡನೆಯದರಲ್ಲಿ ರಕಾರಕ್ಕೂ ವಿರಾಮಚಿಹ್ನೆಗೂ ನಡುವೆ ಕಣ್ಣಿಗೆ ಕಾಣದ ಒಂದು ಯೋಜಕಸಂಕೇತ ಕುಳಿತಿರುತ್ತದೆ. ಹಾಗೆಯೇ 'ರಾಜ್‌ಕುಮಾರ್' ಎಂಬಲ್ಲಿ ಒತ್ತು ಬಾರದಂತೆ ತಡೆಯುವ ವಿಯೋಜಕವೊಂದು ಅಡಗಿದೆ. ಗ್ರಂಥಸಂಪಾದನೆಯಲ್ಲಿ ಮೂಲದ ಲಿಪಿರೂಪವನ್ನು ಉಳಿಸಬೇಕಾದಾಗ ಇವು ಅವಶ್ಯಕ. ಪದಸೂಚಿಯನ್ನು ತಯಾರಿಸುವಾಗ ಇವೇ ಕಂಟಕ. ಒಂದೇ ಪದ ಸೂಚಿಯಲ್ಲಿ ಎರಡು ಬಾರಿ ಕಾಣಿಸಿಕೊಂಡರೆ ಬೆರಳಚ್ಚುಗಾರನನ್ನು ದೂರುವ ಮೊದಲು ಈ ಅದೃಶ್ಯಸಂಕೇತಗಳನ್ನು ನೋಡಬೇಕು.

ಫಾಂಟು ಮತ್ತು ಸಂಯೋಜಕಗಳ ವಿಷಯದಲ್ಲಿ ಈಗ ಹೆಚ್ಚು ಹೇಳಬೇಕಾದದ್ದಿಲ್ಲ. ಲೋಹಿತ್, ನೋಟೊ, ಗುಬ್ಬಿ, ನವಿಲು ಮೊದಲಾದ ಫಾಂಟುಗಳು ಮುಕ್ತವಾಗಿ ದೊರೆಯುವುವು. ಒತ್ತುಗಳನ್ನು ಕೂಡಿಸುವ ಕೆಲಸವನ್ನು ಲಿನಕ್ಸಿನ ತೆರೆಯಲ್ಲಿ ಬಹುಮಟ್ಟಿಗೆ ಹಾರ್ಫ್‌ಬಜ್ ಎಂಬ ಸಂಯೋಜಕ ಮಾಡುತ್ತದೆ. ರಾಷ್ಟ್ರ, ಅರ್ಘ್ಯ, ಸ್ವಾತಂತ್ರ್ಯ ಎಂಬ ಪದಗಳನ್ನು ಬರೆದು ನೋಡಿದರೆ ಫಾಂಟಿನ ಯೋಗ್ಯತೆ ತಿಳಿಯುತ್ತದೆ.

ಕೀಲಿಮಣೆಯಲ್ಲಿ ಎರಡು ಸಂಪ್ರದಾಯಗಳು ಪ್ರಧಾನವಾದವು. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಬಹುಮಟ್ಟಿಗೆ ಬಲಗೈಗೆ. ಎಲ್ಲ ಭಾರತೀಯ ಲಿಪಿಗಳಲ್ಲಿಯೂ ಕಕಾರಕ್ಕೆ ಒಂದೇ ಕೀಲಿ. ತೆಲುಗನ್ನೋ ದೇವನಾಗರಿಯನ್ನೋ ಸಹ ಬರೆಯಬೇಕಾದವರಿಗೆ ಇದು ಲಾಭಕರ. ಕಗಪ ವಿನ್ಯಾಸದಲ್ಲಿ ಇಂಗ್ಲಿಷ್ ಅಕ್ಷರದ ಧ್ವನಿಯೇ ಕನ್ನಡ ಅಕ್ಷರಕ್ಕೆ ದಾರಿ ತೋರಿಸುತ್ತದೆ. ಕರ್ನಾಟಕದಲ್ಲಿ ರೂಢಿಯಾಗಿರುವುದು ಇದೇ. ಲಿನಕ್ಸಿನ ವಿನ್ಯಾಸಪಟ್ಟಿಯಲ್ಲಿ ಎರಡೂ ಇವೆ. ಹಳೆಯ ಟೈಪ್‌ರೈಟರಿನಲ್ಲಿ ಪಳಗಿದವರಿಗೆ ಮಾತ್ರ ಒಂದು ಎಚ್ಚರಿಕೆ: ಅಲ್ಲಿ ಕಣ್ಣಿಗೆ ಕಾಣುವ ಕ್ರಮದಲ್ಲಿ ಒತ್ತುತ್ತಿದ್ದರು, ಇಲ್ಲಿ ಉಚ್ಚಾರಣೆಯ ಕ್ರಮದಲ್ಲಿ ಒತ್ತಬೇಕು. 'ಅರ್ಕ'ದಲ್ಲಿ ಅರ್ಕಾವತ್ತು ಕಾಣುವುದು ಕೊನೆಯಲ್ಲಿ, ಒತ್ತಬೇಕಾದದ್ದು ಮೊದಲು.

ಇನ್ನು ಲೊಕೇಲಿನ ವಿಚಾರ. ಕನ್ನಡ ಭಾಷೆಗೆ ಎರಡು ರೋಮನ್ ಅಕ್ಷರ, ಭಾರತ ದೇಶಕ್ಕೆ ಎರಡು, ನಡುವೆ ಒಂದು ಅಡಿಗೆರೆ. ಕೆಎನ್, ಐಎನ್ ಎಂಬುದೇ ಅದರ ಹೆಸರು. ಇದನ್ನು ವ್ಯವಸ್ಥೆಯಲ್ಲಿ ಉತ್ಪಾದಿಸಿ ಆರಿಸಿಕೊಂಡರೆ ತಿಂಗಳ ವಾರಗಳ ಹೆಸರುಗಳು, ಸಂದೇಶಗಳು, ಅಕ್ಷರಕ್ರಮ ಎಲ್ಲವೂ ಕನ್ನಡವನ್ನು ಅನುಸರಿಸುವುವು. ಆದರೆ ಇವೆಲ್ಲ ಒಂದೇ ಕಟ್ಟಾಗಿರಬೇಕೆಂಬ ನಿರ್ಬಂಧವಿಲ್ಲ ಎಂಬುದನ್ನು ಎಷ್ಟೋ ಜನ ಅರಿಯರು. ಸಂದೇಶಕ್ಕೆ ಬೇರೆ, ದಿನಾಂಕಕ್ಕೆ ಬೇರೆ, ಅಕ್ಷರಕ್ರಮಕ್ಕೆ ಬೇರೆ ಎಂದು ಪ್ರತ್ಯೇಕವಾಗಿ ನಿಯಮಿಸಬಹುದು. ಸಂದೇಶಗಳನ್ನು ಇಂಗ್ಲಿಷಿನಲ್ಲಿಯೇ ಇರಿಸಿಕೊಂಡು ಅಕ್ಷರಕ್ರಮವನ್ನು ಮಾತ್ರ ಕನ್ನಡಕ್ಕೆ ಒಪ್ಪಿಸುವುದು ಸಾಧ್ಯ. ಕನ್ಸೋಲ್ ಎಂದು ಕರೆಯುವ, ಚಿತ್ರರಹಿತವಾದ ಬರಿಯ ಅಕ್ಷರಗಳ ತೆರೆಯಲ್ಲಿ ಕೆಲಸಮಾಡುವವರು ಹೀಗೆ ಮಾಡುವುದೇ ಮೇಲು. ಅದರ ಫಾಂಟಿನಲ್ಲಿ ೫೧೨ ಆಕೃತಿಗಳಿಗಿಂತ ಹೆಚ್ಚಿಗೆ ಅವಕಾಶವಿಲ್ಲ. ಒತ್ತುಗಳನ್ನು ಕೂಡಿಸುವ ಶಕ್ತಿಯೂ ಅದಕ್ಕಿಲ್ಲ.

ಅಕ್ಷರಕ್ರಮವನ್ನು ಏಕೆ ಇಷ್ಟು ಒತ್ತಿ ಹೇಳುತ್ತೇನೆಂಬುದಕ್ಕೆ ಕಾರಣವಿದೆ. ಲೊಕೇಲನ್ನು ನಿಯಮಿಸದೆ ಇದ್ದರೆ, ಅಥವಾ ಎಲ್ಲವನ್ನೂ ಮೀರುವ ನಿಯಮವೊಂದು ಬೇರೆಡೆ ಇದ್ದರೆ, ಪದಗಳು ಸಂಕೇತದ ಸಂಖ್ಯೆಗೆ ಅನುಸಾರವಾಗಿ ನಿಲ್ಲುವುವು. ನಮ್ಮ ವರ್ಣಮಾಲೆಯಲ್ಲಿ ಳಕಾರ ಹಕಾರದ ಅನಂತರ ಬರುತ್ತದೆ. ಸಂಕೇತಸಂಖ್ಯೆಯಲ್ಲಾದರೋ ಲಕಾರದ ಬೆನ್ನಿಗೇ ಇದೆ. ಆದಕಾರಣ ನಿಘಂಟಿನಲ್ಲಿ ಹವಳ, ಹಸು, ಹಳ್ಳಿ ಎಂದು ಬರಬೇಕಾದ ಪದಗಳು ಹಳ್ಳಿ, ಹವಳ, ಹಸು ಎಂದು ಬರುವುವು. ೞಕಾರದ ಗತಿ ಇನ್ನೂ ಶೋಚನೀಯ. ಅದರ ಸಂಖ್ಯೆ ವಿರಾಮಚಿಹ್ನೆಯ ಸಂಖ್ಯೆಗಿಂತ ದೊಡ್ಡದಾದುದರಿಂದ 'ಪೞೆಯ' ಎಂಬುದು ಪಾಲು, ಪೂಜೆ, ಪೌರ ಎಲ್ಲವನ್ನೂ ದಾಟಿ 'ಪ್ರಾಣ'ಕ್ಕಿಂತಲೂ ಕೆಳಗೆ ಹೋಗಿ ಬೀಳುತ್ತದೆ. ಹಳಗನ್ನಡ ಕಾವ್ಯವೊಂದರ ಪದಸೂಚಿಯನ್ನು ನಂಬಿ ಹುಡುಕುವವನು ಆ ಶಬ್ದ ಕಾವ್ಯದಲ್ಲಿ ಇಲ್ಲವೆಂದೇ ನಿರ್ಣಯಿಸಿಬಿಟ್ಟಾನು. ತಪ್ಪು ಕಣ್ಣಿಗೆ ಹೊಡೆಯುವಂಥದಲ್ಲ. ಸಾವಿರಾರು ಪದಗಳು ಸರಿಯಾಗಿಯೇ ಇರುವುವು. ಅಪಾಯವಿರುವುದು ಅದರಲ್ಲಿಯೇ.

ಕೊನೆಗೆ ಭಾಷಾಂತರ. ಕಾರ್ಯಕ್ರಮದ ಪ್ರತಿಯೊಂದು ಇಂಗ್ಲಿಷ್ ಸಂದೇಶವನ್ನೂ ಬೇರೊಂದು ಕಡತದಲ್ಲಿ ಪಟ್ಟಿಮಾಡಿ, ಅದರ ಕೆಳಗೆ ಆಯಾ ಭಾಷೆಯ ವಾಕ್ಯವನ್ನು ಬರೆಯುವುದು ಗೆಟ್‌ಟೆಕ್ಸ್ಟ್ ಎಂಬ ಪದ್ಧತಿ. ಬರೆಯದೆ ಬಿಟ್ಟಲ್ಲಿ ಇಂಗ್ಲಿಷೇ ಕಾಣಿಸುತ್ತದೆ. ಗ್ನೋಮ್, ಕೆಡಿಇ, ಲಿಬ್ರೆಆಫೀಸ್ ಮೊದಲಾದವುಗಳ ಕನ್ನಡ ಹೀಗೆ ಆದದ್ದು. ಬಹುಪಾಲು ಸ್ವಯಂಪ್ರೇರಣೆಯ ದುಡಿಮೆ. ಪಾರಿಭಾಷಿಕ ಪದಗಳ ಬಗೆಗೆ ಟೀಕೆ ಕೇಳಿಬರುವುದುಂಟು. ನನ್ನ ಅಭಿಪ್ರಾಯದಲ್ಲಿ ನಿಜವಾದ ಕಷ್ಟ ಪದಗಳಲ್ಲಿಲ್ಲ, ವ್ಯಾಕರಣದಲ್ಲಿದೆ. ಕಡತದ ಹೆಸರನ್ನು ಯಂತ್ರವೇ ತುಂಬಿಕೊಳ್ಳುವ ಕಡೆ ಭಾಷಾಂತರಕಾರ ವಿಭಕ್ತಿಯನ್ನು ಹೇಗೆ ಹಚ್ಚಬೇಕು? 'ಪತ್ರ'ವಾದರೆ ವಕಾರಾಗಮ, 'ಪಟ್ಟಿ'ಯಾದರೆ ಯಕಾರಾಗಮ. ಯಂತ್ರಕ್ಕೆ ಸಂಧಿ ತಿಳಿಯದು. ಆದುದರಿಂದ 'ಪತ್ರ ಅನ್ನು ಅಳಿಸು' ಎಂದು ಪ್ರತ್ಯಯ ದಿಕ್ಕಿಲ್ಲದೆ ನಿಲ್ಲುತ್ತದೆ. 'ಪತ್ರ ಎಂಬ ಕಡತವನ್ನು ಅಳಿಸು' ಎಂದು ನಡುವೆ ಒಂದು ನಾಮಪದವನ್ನು ಇಟ್ಟರೆ ವಾಕ್ಯ ಕನ್ನಡವಾಗುತ್ತದೆ. ಇಂಗ್ಲಿಷಿನಲ್ಲಿ ಇಲ್ಲದ ಮತ್ತೊಂದು ಪ್ರಶ್ನೆ ಗೌರವದ್ದು. ಗುಂಡಿಯ ಮೇಲಿನ ಮಾತು ಮನುಷ್ಯ ಯಂತ್ರಕ್ಕೆ ಮಾಡುವ ಆಜ್ಞೆ, ಅಲ್ಲಿ 'ಉಳಿಸು' ಯುಕ್ತ. ಯಂತ್ರ ಮನುಷ್ಯನನ್ನು ಕೇಳಿಕೊಳ್ಳುವಾಗ 'ಹೆಸರನ್ನು ಬರೆಯಿರಿ' ಎಂದೇ ಇರಬೇಕು. ಎರಡೂ ಬೆರೆತ ತೆರೆ ಓದುಗನಿಗೆ ಮುಜುಗರವನ್ನುಂಟುಮಾಡುತ್ತದೆ. ಏಕವಚನ ಬಹುವಚನಗಳಿಗೆ ಈ ಪದ್ಧತಿಯಲ್ಲಿ ಎರಡು ರೂಪಗಳನ್ನು ಬರೆಯಲು ಅವಕಾಶವಿದೆ. ಆದರೆ 'ಹತ್ತು ಪುಸ್ತಕ' ಎನ್ನುವ ನಮ್ಮ ಆಡುಮಾತಿಗೆ ಎರಡನೆಯ ರೂಪ ಎಷ್ಟೋ ವೇಳೆ ಅನಾವಶ್ಯಕ. ಕಾಗುಣಿತಪರೀಕ್ಷೆಯ ಸಾಧನ ಸರಿಯಾದ ಪದಗಳ ಕೆಳಗೆ ಕೆಂಪುಗೆರೆ ಎಳೆಯುವುದಕ್ಕೂ ಸಂಧಿಸಮಾಸಗಳೇ ಮುಖ್ಯ ಕಾರಣ. ಈ ಕೆಲಸಗಳಲ್ಲಿ ವ್ಯಾಕರಣ ಬಲ್ಲ ವಿದ್ಯಾರ್ಥಿಗಳು ಕೈಹಾಕಲು ಗಣಕಶಾಸ್ತ್ರದ ಪಾಂಡಿತ್ಯವೇನೂ ಬೇಕಾಗಿಲ್ಲ.

ಹೊಸದಾಗಿ ವ್ಯವಸ್ಥೆಯನ್ನು ಸ್ಥಾಪಿಸುವವರು ಒಂದು ಸಣ್ಣ ಪರೀಕ್ಷಾಕಡತವನ್ನು ಇಟ್ಟುಕೊಳ್ಳುವುದು ಒಳ್ಳೆಯದು. ಹವಳ, ಹಸು, ಹಳ್ಳಿ, ಪೞೆಯ, ಪ್ರಾಣ ಎಂಬ ಐದು ಪದಗಳು, ಎರಡು ಬಗೆಯ 'ಸೂರ್ಯ', ಮೂರು ಬಗೆಯಲ್ಲಿ ಬರೆದ 'ಕೋ', ಮೇಲೆ ಹೇಳಿದ ಸಂಯುಕ್ತಾಕ್ಷರಗಳು ಅದರಲ್ಲಿದ್ದರೆ ಸಾಕು. ಅದನ್ನು ತೆರೆದು ನೋಡಿ, ಅಕಾರಾದಿಯಾಗಿ ಜೋಡಿಸಿ, ಹುಡುಕಿ ಪರೀಕ್ಷಿಸಲು ಐದು ನಿಮಿಷ ಹಿಡಿಯುತ್ತದೆ. ಲಿನಕ್ಸ್ ವಿತರಣೆಗಳನ್ನು ಆಗಾಗ ನವೀಕರಿಸುವಾಗ ಫಾಂಟು, ಸಂಯೋಜಕ, ಅಕ್ಷರಕ್ರಮದ ಕೋಷ್ಟಕಗಳು ಹೇಳದೆ ಬದಲಾಗುವುದರಿಂದ ಪ್ರತಿಯೊಂದು ನವೀಕರಣದ ಅನಂತರವೂ ಈ ಪರೀಕ್ಷೆಯನ್ನು ಪುನಃ ಮಾಡತಕ್ಕದ್ದು.