ವಿದೇಶಕ್ಕೆ ಹೊರಟಿದ್ದೀರಾ? ‘ಕಮಿಷನ್ ಇಲ್ಲ’ ಅನ್ನೋ ಬೋರ್ಡ್ ನಂಬುವ ಮುನ್ನ ಈ ಲೆಕ್ಕ ನೋಡಿ

ಕುಂದಾಪುರ: ಟಾರ್ಗೆಟ್ ಮುಟ್ಟಿಸಿದ ಸಿಮೆಂಟ್, ಪೇಂಟ್ ಡೀಲರ್‌ಗಳಿಗೆ ಕಂಪನಿ ಕಡೆಯಿಂದ ಬ್ಯಾಂಕಾಕ್ ಟೂರ್. ದುಬೈ, ಮಸ್ಕತ್‌ನಲ್ಲಿರುವ ಮಕ್ಕಳನ್ನು ನೋಡಲು ಹೊರಡುವ ಅಪ್ಪ-ಅಮ್ಮ. ಉಮ್ರಾ ಯಾತ್ರೆಗೆ ಹೋಗುವ ಕುಟುಂಬಗಳು. ಕರಾವಳಿಯ ತಾಲೂಕುಗಳಲ್ಲಿ ವಿದೇಶ ಪ್ರಯಾಣ ಈಗ ಅಪರೂಪವೇನಲ್ಲ. ಟಿಕೆಟ್‌ನಲ್ಲಿ ಐನೂರು ರೂಪಾಯಿ ಉಳಿಸಲು ನಾಲ್ಕು ಕಡೆ ವಿಚಾರಿಸುವವರೂ ಕರೆನ್ಸಿ ಬದಲಿಸುವಾಗ ಮಾತ್ರ ಕೊನೇ ಗಳಿಗೆಯಲ್ಲಿ ಏರ್‌ಪೋರ್ಟ್ ಕೌಂಟರ್ ಮುಂದೆ ನಿಂತು, ಅವರು ಹೇಳಿದ ರೇಟಿಗೆ ಹಣ ಕೊಟ್ಟು ಬರುತ್ತಾರೆ. ಅಲ್ಲೇ ಎರಡು ಮೂರು ಸಾವಿರ ಕೈಬಿಟ್ಟು ಹೋಗಿರುತ್ತದೆ. ಹೋದದ್ದು ಗೊತ್ತೂ ಆಗುವುದಿಲ್ಲ.

ದುಡ್ಡು ಹೋಗುವುದು ಕಮಿಷನ್‌ನಲ್ಲಿ ಅಲ್ಲ, ರೇಟಿನಲ್ಲಿ

ವ್ಯಾಪಾರಸ್ಥರಿಗೆ ಇದು ಬೇಗ ಅರ್ಥವಾಗುವ ವಿಷಯ. ಅಡಿಕೆ ಮಂಡಿಯಲ್ಲಿ ಕೊಳ್ಳುವ ರೇಟು ಬೇರೆ, ಮಾರುವ ರೇಟು ಬೇರೆ. ನಡುವಿನ ಅಂತರವೇ ಅಂಗಡಿಯ ಲಾಭ. ಕರೆನ್ಸಿ ವ್ಯಾಪಾರವೂ ಹಾಗೇ. ಮನಿ ಚೇಂಜರ್ ಬೋರ್ಡಿನಲ್ಲಿ ಎರಡು ರೇಟು ಇರುತ್ತವೆ. ‘ಬೈಯಿಂಗ್’ ಅಂದರೆ ಅವರು ನಮ್ಮಿಂದ ಡಾಲರ್ ಕೊಳ್ಳುವ ದರ, ‘ಸೆಲ್ಲಿಂಗ್’ ಅಂದರೆ ನಮಗೆ ಮಾರುವ ದರ. ವಿದೇಶಕ್ಕೆ ಹೊರಟವರಿಗೆ ಬೇಕಾದದ್ದು ಸೆಲ್ಲಿಂಗ್ ರೇಟು.

ಮೊಬೈಲಿನಲ್ಲಿ ಗೂಗಲ್ ಮಾಡಿದರೆ ಕಾಣುವ ದರ ಇವೆರಡರ ನಡುವಿನದು. ಆ ದರದಲ್ಲಿ ನೋಟು ಯಾರಿಗೂ ಸಿಗುವುದಿಲ್ಲ. ಆದರೆ ಅಳತೆಗೋಲಾಗಿ ಅದು ಚೆನ್ನಾಗಿ ಕೆಲಸಕ್ಕೆ ಬರುತ್ತದೆ. ಕೌಂಟರ್‌ನವರು ಹೇಳುವ ರೇಟು ಅದಕ್ಕಿಂತ ಎಷ್ಟು ದೂರ ಇದೆ ಅನ್ನುವುದೇ ನಿಜವಾದ ಖರ್ಚು.

ಒಂದು ಉದಾಹರಣೆ ನೋಡೋಣ. ಲೆಕ್ಕ ಸುಲಭವಾಗಲಿ ಅಂತ ಗೂಗಲ್‌ನಲ್ಲಿ ಒಂದು ದಿರ್ಹಮ್‌ಗೆ 24 ರೂಪಾಯಿ ಇದೆ ಅಂದುಕೊಳ್ಳಿ. ಬೇಕಿರುವುದು 3,000 ದಿರ್ಹಮ್.

ಮೊದಲ ಕೌಂಟರ್: ‘ಕಮಿಷನ್ ಇಲ್ಲ’ ಅನ್ನುವ ದೊಡ್ಡ ಬೋರ್ಡ್. ರೇಟು 25.20 ರೂಪಾಯಿ. ಕೊಡಬೇಕಾದದ್ದು 75,600 ರೂಪಾಯಿ.

ಎರಡನೇ ಕೌಂಟರ್: 200 ರೂಪಾಯಿ ಸರ್ವಿಸ್ ಚಾರ್ಜ್ ಕೇಳುತ್ತಾರೆ. ರೇಟು 24.40 ರೂಪಾಯಿ. ಒಟ್ಟು 73,400 ರೂಪಾಯಿ.

ಚಾರ್ಜ್ ಕೇಳಿದವರ ಹತ್ತಿರವೇ 2,200 ರೂಪಾಯಿ ಉಳಿಯಿತು! ಹಾಗಾಗಿ ‘ಕಮಿಷನ್ ಎಷ್ಟು?’ ಅಂತ ಕೇಳುವುದರಿಂದ ಉಪಯೋಗವಿಲ್ಲ. ಕೇಳಬೇಕಾದ ಪ್ರಶ್ನೆ ಒಂದೇ: ‘3,000 ದಿರ್ಹಮ್ ನನ್ನ ಕೈಗೆ ಬರಬೇಕಾದರೆ ಎಲ್ಲಾ ಸೇರಿ ಎಷ್ಟು ರೂಪಾಯಿ ಕೊಡಬೇಕು?’ ಇದನ್ನು ಎರಡು ಮೂರು ಕಡೆ, ಒಂದೇ ದಿನ, ಫೋನಿನಲ್ಲೇ ಕೇಳಬಹುದು. ರೇಟು ದಿನದೊಳಗೇ ಏರಿಳಿಯುವುದರಿಂದ ನಿನ್ನೆಯದಕ್ಕೂ ಇವತ್ತಿನದಕ್ಕೂ ಹೋಲಿಸಬಾರದು.

ಜಿಎಸ್‌ಟಿ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ತೆರಿಗೆ ಬೀಳುವುದು ಪೂರ್ತಿ ಮೊತ್ತದ ಮೇಲಲ್ಲ. ಒಂದು ಲಕ್ಷ ರೂಪಾಯಿವರೆಗಿನ ವಹಿವಾಟಿನಲ್ಲಿ ಮೊತ್ತದ ಶೇ 1ರಷ್ಟನ್ನು (ಕನಿಷ್ಠ 250 ರೂಪಾಯಿ) ಸೇವೆಯ ಬೆಲೆ ಅಂತ ಹಿಡಿದು, ಅದರ ಮೇಲೆ ಶೇ 18 ಹಾಕುತ್ತಾರೆ. ಅಂದರೆ 50,000 ರೂಪಾಯಿಗೆ 90 ರೂಪಾಯಿ ಜಿಎಸ್‌ಟಿ. ಇದಕ್ಕಿಂತ ಜಾಸ್ತಿ ಬರೆದಿದ್ದರೆ ಬಿಲ್ ತೋರಿಸಿ ಕೇಳುವ ಹಕ್ಕು ಗ್ರಾಹಕರಿಗಿದೆ.

ಎಲ್ಲಿ ಬದಲಿಸಬೇಕು?

ಏರ್‌ಪೋರ್ಟ್ ಕೌಂಟರ್ ಸಾಮಾನ್ಯವಾಗಿ ಎಲ್ಲಕ್ಕಿಂತ ದುಬಾರಿ. ಅಲ್ಲಿಗೆ ಬಂದವರಿಗೆ ಬೇರೆ ದಾರಿ ಇಲ್ಲ ಅನ್ನೋದು ಅವರಿಗೆ ಗೊತ್ತು. ಹೊರಡುವ ಒಂದು ವಾರ ಮೊದಲೇ ಮಂಗಳೂರು, ಉಡುಪಿಯಂಥ ಪೇಟೆಗಳಲ್ಲಿ ರಿಸರ್ವ್ ಬ್ಯಾಂಕ್ ಲೈಸನ್ಸ್ ಇರುವ ಮನಿ ಚೇಂಜರ್ ಅಥವಾ ವಿದೇಶಿ ವಿನಿಮಯ ಸೇವೆ ಇರುವ ಬ್ಯಾಂಕ್ ಶಾಖೆಯಲ್ಲಿ ವಿಚಾರಿಸುವುದು ಒಳ್ಳೆಯದು. ತಾಲೂಕಿನ ಎಲ್ಲ ಶಾಖೆಗಳಲ್ಲೂ ವಿದೇಶಿ ನೋಟು ಇರುವುದಿಲ್ಲ. ಮೊದಲೇ ಹೇಳಿಟ್ಟರೆ ತರಿಸಿಕೊಡುವ ಶಾಖೆಗಳೂ ಇವೆ. ಪಾಸ್‌ಪೋರ್ಟ್, ಪ್ಯಾನ್ ಕಾರ್ಡ್, ಟಿಕೆಟ್, ವೀಸಾದ ಪ್ರತಿ ಕೈಯಲ್ಲಿರಲಿ.

ಅಂಗಡಿಯವರು ಮುಖ್ಯವಾಗಿ ತಿಳಿಯಬೇಕಾದ ಒಂದು ನಿಯಮವಿದೆ. ಕೊಳ್ಳುವ ವಿದೇಶಿ ಹಣದ ಮೌಲ್ಯ 50,000 ರೂಪಾಯಿ ಮೀರಿದರೆ ನಗದು ಕೊಡುವ ಹಾಗಿಲ್ಲ. ಚೆಕ್, ಡಿಡಿ, ಕಾರ್ಡ್ ಅಥವಾ ಬ್ಯಾಂಕ್ ವರ್ಗಾವಣೆ ಮೂಲಕವೇ ಕೊಡಬೇಕು. ಗಲ್ಲಾಪೆಟ್ಟಿಗೆಯ ಕ್ಯಾಶ್ ಕಟ್ಟಿಕೊಂಡು ಮಂಗಳೂರಿಗೆ ಹೋಗಿ ವಾಪಸ್ ಬರುವುದು ಬೇಡ.

ದಿರ್ಹಮ್‌ಗೆ ಒಂದು ದಾರಿ, ಬಾತ್‌ಗೆ ಇನ್ನೊಂದು

ಒಂದು ಸಲ ಬದಲಿಸಿದರೆ ಒಂದು ಸಲ ನಷ್ಟ, ಎರಡು ಸಲ ಬದಲಿಸಿದರೆ ಎರಡು ಸಲ. ಇದು ಸಾಮಾನ್ಯ ನಿಯಮ. ಗಲ್ಫ್‌ಗೆ ಹೋಗುವವರು ರೂಪಾಯಿಯಿಂದ ನೇರವಾಗಿ ದಿರ್ಹಮ್ ಅಥವಾ ರಿಯಾಲ್ ಕೊಂಡರೆ ಸಾಕು. ಕರಾವಳಿಯಲ್ಲಿ ಈ ನೋಟುಗಳ ವಹಿವಾಟು ಚೆನ್ನಾಗಿದೆ. ಯುಎಇ ದಿರ್ಹಮ್ ಒಂದು ಡಾಲರ್‌ಗೆ 3.6725, ಸೌದಿ ರಿಯಾಲ್ 3.75 ಅಂತ ನಿಗದಿಯಾಗಿರುವುದರಿಂದ, ಮನೆಯಲ್ಲಿ ಹಳೇ ಡಾಲರ್ ಇದ್ದರೆ ಅದನ್ನೇ ಒಯ್ದು ಅಲ್ಲಿ ಬದಲಿಸಿದರೂ ದೊಡ್ಡ ನಷ್ಟವಾಗದು. ಕೌಂಟರ್ ಸರಿಯಾದ ರೇಟು ಕೊಡುತ್ತಿದೆಯಾ ಅಂತ ನೋಡಲೂ ಈ ಅಂಕಿ ಸಾಕು.

ಥಾಯ್ಲೆಂಡ್ ಕತೆ ಬೇರೆ. ನಮ್ಮಲ್ಲಿ ಬಾತ್ ನೋಟಿನ ವ್ಯಾಪಾರ ಕಡಿಮೆ ಇರುವುದರಿಂದ ಅಂತರ ಜಾಸ್ತಿ ಇಟ್ಟಿರುತ್ತಾರೆ. ಡಾಲರ್ ಒಯ್ದು ಬ್ಯಾಂಕಾಕ್ ಪೇಟೆಯ ಎಕ್ಸ್‌ಚೇಂಜ್ ಅಂಗಡಿಯಲ್ಲಿ ಬಾತ್ ಮಾಡಿಸಿದರೆ, ಎರಡು ಸಲ ಬದಲಿಸಿದರೂ ಹೆಚ್ಚು ಬಾತ್ ಸಿಗುವುದುಂಟು. ಇಲ್ಲೂ ಪ್ರಶ್ನೆ ಅದೇ: 50,000 ರೂಪಾಯಿಗೆ ಯಾವ ದಾರಿಯಲ್ಲಿ ಎಷ್ಟು ಬಾತ್ ಕೈಗೆ ಬರುತ್ತದೆ? ಹೊರಡುವ ಮೊದಲೇ ಎರಡೂ ಲೆಕ್ಕ ಹಾಕಿ ನೋಡಬೇಕು.

ಬ್ಯಾಂಕಾಕ್‌ಗೆ ಒಯ್ಯುವ ಡಾಲರ್ 100 ಅಥವಾ 50ರ ನೋಟುಗಳಾಗಿರಲಿ. 1, 5, 10 ಡಾಲರ್ ನೋಟುಗಳಿಗೆ ಅಲ್ಲಿ ಕಡಿಮೆ ರೇಟು. ಹರಿದ, ಪೆನ್ನಿನಲ್ಲಿ ಬರೆದ, ಸೀಲು ಹೊಡೆದ ನೋಟು ತೆಗೆದುಕೊಳ್ಳದೇ ಇರಬಹುದು. ಹಾಗಾಗಿ ಇಲ್ಲಿ ಕೌಂಟರ್‌ನಲ್ಲೇ ಒಂದೊಂದಾಗಿ ನೋಡಿ ಎಣಿಸಿಕೊಳ್ಳಬೇಕು. ವಿಮಾನ ಇಳಿದ ತಕ್ಷಣ ಟ್ಯಾಕ್ಸಿ, ಊಟಕ್ಕೆ ಬೇಕಾದಷ್ಟನ್ನು ಮಾತ್ರ ಏರ್‌ಪೋರ್ಟಿನಲ್ಲಿ ಬದಲಿಸಿ, ಉಳಿದದ್ದನ್ನು ಪೇಟೆಯಲ್ಲಿ ಮಾಡಿಸಬಹುದು. ಪಾಸ್‌ಪೋರ್ಟ್ ಜೊತೆಗಿರಬೇಕು.

‘ನಮ್ಮ ಐನೂರರ ನೋಟೇ ಒಯ್ದು ಅಲ್ಲಿ ಬದಲಿಸಿದರಾಯ್ತು’ ಅನ್ನುವವರೂ ಇದ್ದಾರೆ. ರೂಪಾಯಿಗೆ ಹೊರಗೆ ಸಾಮಾನ್ಯವಾಗಿ ಒಳ್ಳೆಯ ರೇಟು ಸಿಗುವುದಿಲ್ಲ. ಜೊತೆಗೆ, ಭಾರತದ ನೋಟನ್ನು 25,000 ರೂಪಾಯಿಗಿಂತ ಹೆಚ್ಚು ಹೊರಗೆ ಒಯ್ಯುವಂತಿಲ್ಲ. ಊರಿಗೆ ವಾಪಸಾದಾಗ ಬಸ್ಸು, ಟ್ಯಾಕ್ಸಿಗೆ ಬೇಕಾದಷ್ಟು ಇಟ್ಟುಕೊಂಡರೆ ಸಾಕು.

ಕಾರ್ಡ್ ಇದೆಯಲ್ಲ ಅಂದುಕೊಂಡವರಿಗೆ

ಮಾಮೂಲಿ ಡೆಬಿಟ್, ಕ್ರೆಡಿಟ್ ಕಾರ್ಡನ್ನು ವಿದೇಶದಲ್ಲಿ ಉಜ್ಜಿದರೆ ಬ್ಯಾಂಕ್ ‘ಫಾರೆಕ್ಸ್ ಮಾರ್ಕಪ್’ ಹಾಕುತ್ತದೆ. ಹಲವು ಕಾರ್ಡ್‌ಗಳಲ್ಲಿ ಇದು ಶೇ 2ರಿಂದ 3.5ರವರೆಗೆ ಇದ್ದು, ಅದರ ಮೇಲೆ ಜಿಎಸ್‌ಟಿ ಬೇರೆ. ಶೇ 3.5 ಅಂದರೆ 20,000 ರೂಪಾಯಿ ಖರೀದಿಗೆ 700 ರೂಪಾಯಿ ಮಾರ್ಕಪ್, 126 ರೂಪಾಯಿ ತೆರಿಗೆ, ಒಟ್ಟು 826 ರೂಪಾಯಿ. ಮಾರ್ಕಪ್ ಇಲ್ಲದ ಕಾರ್ಡ್‌ಗಳೂ ಇವೆ. ತಮ್ಮ ಕಾರ್ಡಿಗೆ ಎಷ್ಟು ಅಂತ ಬ್ಯಾಂಕಿನಲ್ಲಿ ಕೇಳಿ ತಿಳಿಯಬೇಕು.

ಮೊದಲೇ ಹಣ ತುಂಬಿಸಿಕೊಳ್ಳುವ ಫಾರೆಕ್ಸ್ ಕಾರ್ಡ್ ಇನ್ನೊಂದು ದಾರಿ. ತುಂಬಿಸಿದ ದಿನದ ರೇಟೇ ಖಾಯಂ, ಆಮೇಲೆ ಡಾಲರ್ ಏರಿದರೂ ಚಿಂತೆಯಿಲ್ಲ. ಆದರೆ ಯಾವ ದೇಶಕ್ಕೆ ಹೋಗುತ್ತೇವೋ ಆ ದೇಶದ ಕರೆನ್ಸಿಯನ್ನೇ ತುಂಬಿಸಬೇಕು. ಡಾಲರ್ ತುಂಬಿಸಿ ದುಬೈನಲ್ಲಿ ಉಜ್ಜಿದರೆ ಹಲವು ಕಾರ್ಡ್‌ಗಳಲ್ಲಿ ಕರೆನ್ಸಿ ಬದಲಾವಣೆಯ ಶುಲ್ಕ ಬೀಳುತ್ತದೆ.

ಎಷ್ಟೋ ಜನ ಮರೆಯುವ ವಿಷಯ ಒಂದಿದೆ. 2020ರಲ್ಲಿ ಜಾರಿಗೆ ಬಂದ ರಿಸರ್ವ್ ಬ್ಯಾಂಕ್ ನಿಯಮದಂತೆ ಹೊಸ ಕಾರ್ಡ್‌ಗಳು ದೇಶದೊಳಗಿನ ಎಟಿಎಂ ಮತ್ತು ಅಂಗಡಿ ಬಳಕೆಗೆ ಮಾತ್ರ ತೆರೆದಿರುತ್ತವೆ. ‘ಇಂಟರ್‌ನ್ಯಾಷನಲ್ ಯೂಸೇಜ್’ ಅನ್ನು ಬ್ಯಾಂಕ್ ಆ್ಯಪ್‌ನಲ್ಲೋ ಶಾಖೆಯಲ್ಲೋ ನಾವೇ ಆನ್ ಮಾಡಿಸಬೇಕು. ಇದನ್ನು ಮಾಡದೆ ಹೋದರೆ ಖಾತೆಯಲ್ಲಿ ದುಡ್ಡಿದ್ದೂ ಕಾರ್ಡ್ ನಡೆಯುವುದಿಲ್ಲ. ಒಟಿಪಿ ಬರಲು ಊರಿನ ಸಿಮ್ ಅಲ್ಲೂ ಚಾಲೂ ಇರಬೇಕು.

ಎಟಿಎಂನಲ್ಲಿ ಪದೇ ಪದೇ ಸಣ್ಣ ಮೊತ್ತ ತೆಗೆಯುವುದು ನಷ್ಟ. ಥಾಯ್ಲೆಂಡ್‌ನಲ್ಲಿ ವಿದೇಶಿ ಕಾರ್ಡಿಗೆ ಪ್ರತಿ ಸಲಕ್ಕೂ 200 ಬಾತ್‌ಗಿಂತ ಹೆಚ್ಚು ಶುಲ್ಕವಿದೆ. ನಮ್ಮ ಬ್ಯಾಂಕಿನ ಶುಲ್ಕ ಅದರ ಮೇಲೆ. ಸಾವಿರ ಬಾತ್ ತೆಗೆದರೂ ಅದೇ ಶುಲ್ಕ, ಹತ್ತು ಸಾವಿರ ತೆಗೆದರೂ ಅದೇ.

‘ರೂಪಾಯಿಯಲ್ಲಿ ಕೊಡ್ತೀರಾ?’ ಅಂದರೆ ಬೇಡ ಅನ್ನಿ

ದುಬೈ ಮಾಲ್‌ನಲ್ಲೋ ಬ್ಯಾಂಕಾಕ್ ಹೋಟೆಲಿನಲ್ಲೋ ಕಾರ್ಡ್ ಕೊಟ್ಟಾಗ ಮಷೀನು ಕೇಳುತ್ತದೆ: ರೂಪಾಯಿಯಲ್ಲೋ, ಇಲ್ಲಿನ ಕರೆನ್ಸಿಯಲ್ಲೋ? ರೂಪಾಯಿ ನೋಡಿದ ಕೂಡಲೇ ಮನಸ್ಸಿಗೆ ನಿರಾಳ, ಲೆಕ್ಕ ಗೊತ್ತಾಗುತ್ತೆ ಅಂತ ಹೆಚ್ಚಿನವರು ಅದನ್ನೇ ಒತ್ತುತ್ತಾರೆ. ಇಲ್ಲೇ ಮೋಸ ಹೋಗುವುದು. ರೂಪಾಯಿ ಒತ್ತಿದರೆ ರೇಟು ನಿಗದಿ ಮಾಡುವುದು ಆ ಅಂಗಡಿಯ ಕಡೆಯ ಸಂಸ್ಥೆ, ತನ್ನ ಲಾಭ ಸೇರಿಸಿಯೇ ಹಾಕುತ್ತದೆ. ಅಲ್ಲಿನ ಕರೆನ್ಸಿ ಒತ್ತಿದರೆ ಕಾರ್ಡ್ ಸಂಸ್ಥೆಯ ದರ ಬೀಳುತ್ತದೆ, ಅದು ಸಾಮಾನ್ಯವಾಗಿ ಕಡಿಮೆ. ಎಟಿಎಂ ಪರದೆಯಲ್ಲೂ ಇದೇ ಪ್ರಶ್ನೆ ಬರುತ್ತದೆ. ‘ಡಿಕ್ಲೈನ್ ಕನ್ವರ್ಷನ್’ ಒತ್ತಿದರೆ ಹಣ ಬರುವುದಿಲ್ಲ ಅನ್ನುವ ಹೆದರಿಕೆ ಬೇಡ. ಹಣ ಬರುತ್ತದೆ, ಅವರ ರೇಟು ಮಾತ್ರ ತಪ್ಪುತ್ತದೆ.

ಯುಪಿಐ ಈಗ ಯುಎಇ, ಸಿಂಗಾಪುರ, ನೇಪಾಳ, ಭೂತಾನ್, ಶ್ರೀಲಂಕಾ, ಮಾರಿಷಸ್, ಫ್ರಾನ್ಸ್‌ನ ಕೆಲವು ಅಂಗಡಿಗಳಲ್ಲಿ ನಡೆಯುತ್ತದೆ. ಎಲ್ಲ ಕಡೆ ಅಲ್ಲ. ಆ್ಯಪ್‌ನಲ್ಲಿ ವಿದೇಶಿ ಪಾವತಿಯನ್ನು ಆನ್ ಮಾಡಿಕೊಳ್ಳಬೇಕು. ಅದೊಂದನ್ನೇ ನಂಬಿ ಕೈಯಲ್ಲಿ ನಗದಿಲ್ಲದೆ ಹೊರಡಬಾರದು.

ಕಾನೂನಿನ ಗೆರೆ ಎಲ್ಲಿದೆ?

ಹೆಚ್ಚಿನ ದೇಶಗಳಿಗೆ ಒಂದು ಪ್ರಯಾಣಕ್ಕೆ 3,000 ಡಾಲರ್ ಮೌಲ್ಯದವರೆಗೆ ಮಾತ್ರ ನೋಟಿನ ರೂಪದಲ್ಲಿ ಒಯ್ಯಬಹುದು. ಉಳಿದದ್ದು ಕಾರ್ಡ್‌ನಲ್ಲಿ. ಹಜ್, ಉಮ್ರಾ ಯಾತ್ರಿಗಳಿಗೆ ಇದರಲ್ಲಿ ವಿನಾಯಿತಿ ಇದೆ. ಒಂದು ಹಣಕಾಸು ವರ್ಷದಲ್ಲಿ ಒಬ್ಬರಿಗೆ ಒಟ್ಟು ಮಿತಿ 2,50,000 ಡಾಲರ್.

ತೆರಿಗೆ ವಿಷಯದಲ್ಲಿ, 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷ ರೂಪಾಯಿವರೆಗಿನ ವಿದೇಶಿ ವಿನಿಮಯಕ್ಕೆ ಟಿಸಿಎಸ್ ಇಲ್ಲ. ಆದರೆ ಏಜೆನ್ಸಿಯಿಂದ ಪೂರ್ತಿ ಟೂರ್ ಪ್ಯಾಕೇಜ್ ಕೊಂಡರೆ ಮೊದಲ ರೂಪಾಯಿಯಿಂದಲೇ ಟಿಸಿಎಸ್ ಬೀಳುತ್ತದೆ. ಇದು ಹೋದ ದುಡ್ಡಲ್ಲ. ಪ್ಯಾನ್ ನಂಬರ್ ಸರಿಯಾಗಿ ಕೊಟ್ಟಿದ್ದರೆ ಆದಾಯ ತೆರಿಗೆ ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು ಅಥವಾ ವಾಪಸ್ ಪಡೆಯಬಹುದು. ರಿಟರ್ನ್ ಸಲ್ಲಿಸದವರಿಗೆ ಮಾತ್ರ ಅದು ಹೋದಂತೆಯೇ.

ಇನ್ನು ‘ಇಲ್ಲಿ ರೂಪಾಯಿ ಕೊಡಿ, ಅಲ್ಲಿ ನಮ್ಮ ಹುಡುಗ ದಿರ್ಹಮ್ ತಂದು ಕೊಡ್ತಾನೆ, ರೇಟು ಒಳ್ಳೇದಿದೆ’ ಅನ್ನುವ ವ್ಯವಹಾರ. ಇದು ಹವಾಲಾ. ಫೆಮಾ ಕಾಯ್ದೆಯಡಿ ಸಿಕ್ಕಿಬಿದ್ದರೆ ಮೊತ್ತದ ಮೂರು ಪಟ್ಟಿನವರೆಗೆ ದಂಡ ಹಾಕಬಹುದು. ಲೈಸನ್ಸ್ ಇಲ್ಲದವರಿಂದ ಕೊಂಡ ನೋಟು ಖೋಟಾ ಆಗಿದ್ದರೆ ದೂರು ಕೊಡಲು ಕೈಯಲ್ಲಿ ರಸೀದಿಯೂ ಇರುವುದಿಲ್ಲ. ಲೈಸನ್ಸ್ ಇರುವ ಮನಿ ಚೇಂಜರ್‌ಗಳ ಪಟ್ಟಿ ರಿಸರ್ವ್ ಬ್ಯಾಂಕ್ ವೆಬ್‌ಸೈಟ್‌ನಲ್ಲಿದೆ.

ಉಳಿದ ಹಣ ಏನು ಮಾಡಬೇಕು?

ವಾಪಸ್ ಬಂದ ಮೇಲೆ ಮಾರಲು ಹೋದರೆ ಬೈಯಿಂಗ್ ರೇಟು, ಅಂದರೆ ಮತ್ತೊಮ್ಮೆ ನಷ್ಟ. ಹಾಗಾಗಿ ಹೆಚ್ಚು ಕೊಳ್ಳುವುದಕ್ಕಿಂತ ಸ್ವಲ್ಪ ಕಡಿಮೆ ಕೊಂಡು, ಬೇಕಾದರೆ ಕಾರ್ಡ್ ಬಳಸುವುದು ಮೇಲು. ಚಿಲ್ಲರೆ ನಾಣ್ಯಗಳನ್ನು ಮನಿ ಚೇಂಜರ್‌ಗಳು ಸಾಮಾನ್ಯವಾಗಿ ಕೊಳ್ಳುವುದಿಲ್ಲ, ಅಲ್ಲೇ ಖರ್ಚು ಮಾಡಿ ಮುಗಿಸಬೇಕು. 2,000 ಡಾಲರ್ ಮೌಲ್ಯದವರೆಗಿನ ನೋಟನ್ನು ಮುಂದಿನ ಪ್ರಯಾಣಕ್ಕೆ ಮನೆಯಲ್ಲೇ ಇಟ್ಟುಕೊಳ್ಳಬಹುದು. ಅದಕ್ಕಿಂತ ಹೆಚ್ಚಿದ್ದರೆ ಬಂದ 180 ದಿನಗಳೊಳಗೆ ಬ್ಯಾಂಕಿಗೋ ಮನಿ ಚೇಂಜರ್‌ಗೋ ಕೊಡಬೇಕು. ಮಕ್ಕಳ ಮನೆಗೆ ಮತ್ತೆ ಹೋಗುವವರು ನಾಲ್ಕು ನೂರು ದಿರ್ಹಮ್ ಇಟ್ಟುಕೊಂಡರೆ ಮುಂದಿನ ಸಲ ಏರ್‌ಪೋರ್ಟ್ ಟ್ಯಾಕ್ಸಿಗೆ ಆಯಿತು.

ಹೊರಡುವ ಮುನ್ನ ಒಮ್ಮೆ ನೋಡಿಕೊಳ್ಳಿ

* ಒಂದೇ ದಿನ ಕನಿಷ್ಠ ಮೂರು ಕಡೆ ‘ಎಲ್ಲಾ ಸೇರಿ ಎಷ್ಟು’ ಅಂತ ಕೇಳಿದ್ದಾಯ್ತಾ?
* 50,000 ರೂಪಾಯಿ ಮೀರಿದರೆ ಬ್ಯಾಂಕ್ ಖಾತೆಯಿಂದ ಕೊಡಲು ಸಿದ್ಧವಿದೆಯಾ?
* ಕಾರ್ಡ್‌ನ ಇಂಟರ್‌ನ್ಯಾಷನಲ್ ಬಳಕೆ ಆನ್ ಆಗಿದೆಯಾ? ಮಾರ್ಕಪ್ ಎಷ್ಟು?
* ಕೊಂಡ ನೋಟಿನ ರಸೀದಿ ಪಾಸ್‌ಪೋರ್ಟ್ ಜೊತೆ ಇದೆಯಾ?
* ನಗದು, ಕಾರ್ಡ್ ಎರಡನ್ನೂ ಒಂದೇ ಪರ್ಸಿನಲ್ಲಿ ಇಡದೆ ಬೇರೆ ಬೇರೆ ಇಟ್ಟಿದ್ದೀರಾ?
* ಜೊತೆಗೆ ಬರುವ ಹಿರಿಯರಿಗೆ ‘ಮಷೀನು ರೂಪಾಯಿ ಕೇಳಿದರೆ ಬೇಡ ಅನ್ನಿ’ ಅಂತ ಹೇಳಿದ್ದೀರಾ?